ಗುಲ್ಲಮಾರನೂ ಮಾತಾಡುವ ಕವಲುಗಲ್ಲುಗಳೂ

ಬೆಟ್ಟಗಳಿಗೆ ಇನ್ನೂ ಎದ್ದು ನಡೆಯುವ ತ್ರಾಣ ಇದ್ದ ಕಾಲ ಅದು. ಆಗ ಕವಲುನಾಡು ಅಂತ ಒಂದು ರಾಜ್ಯವಿತ್ತು. ಎಷ್ಟು ದೊಡ್ಡದು ಅಂದರೆ, ಹದ್ದಿನ ಮರಿ ಈ ಗಡಿಯಿಂದ ಹಾರಿದರೆ ಆ ಗಡಿ ಮುಟ್ಟುವಷ್ಟರಲ್ಲಿ ಅದಕ್ಕೆ ಮೊಮ್ಮಕ್ಕಳಾಗಿರುತ್ತಿದ್ದವು. ನಂಬದವರು ಹಾರಿ ನೋಡಲಿ.

ಆ ನಾಡಿನ ಪ್ರತಿ ಕವಲಿನಲ್ಲೂ ಒಂದು ಮಾತಾಡುವ ಕಲ್ಲಿತ್ತು. ದಾರಿ ತೋರಿಸುತ್ತದೆ ಅಂತ ಜನ ಅದನ್ನು ಪೂಜಿಸುತ್ತಿದ್ದರು. ಒಂದು ಕಲ್ಲು ಪಕ್ಕದ ಕಲ್ಲಿಗೆ ದಾರಿಯ ಸುದ್ದಿ ಹೇಳುತ್ತಿತ್ತು, ಅದು ಮತ್ತೊಂದಕ್ಕೆ ಹೇಳುತ್ತಿತ್ತು. ಹೀಗೆ ನಾಡಿನ ದಾರಿಗಳೆಲ್ಲ ಕಲ್ಲುಗಳ ಬಾಯಲ್ಲಿದ್ದವು. ಕಲ್ಲು ಹೇಳಿದತ್ತ ಓಲೆಕಾರರು ಓಡುತ್ತಿದ್ದರು. ಅವರ ಕಾಲಿಗೆ ರಾಜ ಗೆಜ್ಜೆ ಕಟ್ಟಿಸುತ್ತಿದ್ದ. ಒಂದು ಕವಲು ದಾಟಿದರೆ ಒಂದು ಗೆಜ್ಜೆ ಉದುರುತ್ತಿತ್ತು. ಊರು ಮುಟ್ಟಿದರೆ ಹೊಸ ಗೆಜ್ಜೆ. ಮುಟ್ಟುವ ಮುಂಚೆ ಕೊನೆಯದೂ ಉದುರಿತೋ, ಓಲೆಕಾರ ಗಾಳಿಯಾಗಿ ಹೋಗುತ್ತಿದ್ದ. ಕಲ್ಲುಗಳು ದಾರಿ ತಪ್ಪಿಸುತ್ತಿರಲಿಲ್ಲವಾದ್ದರಿಂದ ಯಾರೂ ಅಂಜುತ್ತಿರಲಿಲ್ಲ.

ಹೀಗಿರಲು ಗುಲ್ಲಮಾರ ಎಂಬ ಮಾಯಾವಿ ಬಂದ. ಗಾಳಿಮಾತೇ ಅವನ ಅನ್ನ. ಸುಳ್ಳು ಸುದ್ದಿ ಒಂದು ಸುತ್ತು ಸುತ್ತಿದರೆ ಅವನು ಒಂದು ಗೇಣು ಬೆಳೆಯುತ್ತಿದ್ದ. ಅವನು ಕಲ್ಲುಗಳ ಮೇಲೆ ಮಂಕುಬೂದಿ ಎರಚಿದ. ಆವತ್ತಿನಿಂದ ಅವಕ್ಕೆ ಕಂಡದ್ದು ಯಾವುದು, ಕೇಳಿದ್ದು ಯಾವುದು ತಿಳಿಯದಾಯಿತು.

ಗಡಿದುರ್ಗಕ್ಕೆ ಓಲೆ ಹೊತ್ತು ಹೋದ ಸಿಂಗಣ್ಣ ತಿರುಗಿ ಬರಲಿಲ್ಲ. ಹೊಳೆದಂಡೆಯಲ್ಲಿ ಎರಡು ಕಲ್ಲುಗಳ ನಡುವೆ ಹಿಂದಕ್ಕೂ ಮುಂದಕ್ಕೂ ಓಡುತ್ತಿದ್ದಾನೆ, ಕಾಲಲ್ಲಿ ಗೆಜ್ಜೆ ಹೆಚ್ಚು ಉಳಿದಿಲ್ಲ ಅಂತ ಕುರುಬರು ಬಂದು ಹೇಳಿದರು. ತಾಯಿ ನಂಜವ್ವ ಅಳಲಿಲ್ಲ. ರೊಟ್ಟಿ ಬುತ್ತಿ ಕಟ್ಟಿ ಕಿರಿಮಗ ಬೊಮ್ಮನ ಕೈಗಿಟ್ಟಳು.

"ಹೋಗು ಮಗ. ನಿಮ್ಮಣ್ಣ ಗಾಳಿಯಾಗೋದರೊಳಗೆ ಹೋಗು."

ಬೊಮ್ಮ ಓಲೆಕಾರನಲ್ಲ, ಅವನ ಕಾಲಲ್ಲಿ ಗೆಜ್ಜೆಯಿಲ್ಲ. ಹೊರಟ.

ಮೊದಲ ಕಾಡಿನಲ್ಲಿ ಆನೆಗಾತ್ರದ ಗಿಣಿಯೊಂದು ದಾರಿಗೆ ಅಡ್ಡ ಬಾಗಿದ ಕೊಂಬೆಯ ಮೇಲೆ ಕೂತಿತ್ತು. ಏಳು ಕಾಡುಗಳ ದಾರಿಯನ್ನು ಒಂದೇ ಉಸಿರಿಗೆ ಹೇಳಿತು. "ಇಷ್ಟೆಲ್ಲ ಬಲ್ಲವಳು ನಾನು. ಬುತ್ತಿ ಕೊಡು, ನಾನೇ ಮುಟ್ಟಿಸ್ತೀನಿ."

ಬೊಮ್ಮ ಸುತ್ತ ನೋಡಿದ. ಗಿಣಿಯ ಕೊಂಬೆಯ ಕೆಳಗೆ ಯಾರು ಯಾರದೋ ಓಲೆಗಳು, ಗಂಟುಗಳು ಬಿದ್ದು ಗೆದ್ದಲು ಹಿಡಿದಿದ್ದವು.

"ಗಿಣಿಯಕ್ಕ, ದಾರಿ ಹೇಳೋಳು ನೀನು, ಹೊರೆ ಹೊರೋನು ನಾನು. ನಿನ್ನ ಕೆಲಸ ನೀನು ಮಾಡು, ನನ್ನದು ನಾನು ಮಾಡ್ತೀನಿ" ಅಂದ. ಗಿಣಿ ನಾಚಿ ಗುಬ್ಬಿಯಷ್ಟಾಯಿತು. ದಾರಿ ಬಿಟ್ಟಿತು.

ಎರಡನೆಯ ಕಾಡಿನಲ್ಲಿ ಬೆಳ್ಳಿಯಂಥ ಕುದುರೆಯೊಂದು ನಿಂತಿತ್ತು. "ಹೊಳೆಯಾ? ಈ ಕಡೆ ಹೋಗು, ಒಂದು ಕೂಗಳತೆ ಅಷ್ಟೇ." ಪಕ್ಕದ ಬಂಡೆಯ ಮೇಲಿದ್ದ ಮುದಿ ಉಡ ಮಾತ್ರ, "ಇಲ್ಲ ಕಣಪ್ಪ, ಈ ಕಡೆ. ಮೂರು ಗುಡ್ಡ ಹತ್ತಿ ಇಳೀಬೇಕು" ಅಂದಿತು.

ಬೊಮ್ಮನಿಗೆ ಅವಸರ. ಅಣ್ಣನ ಗೆಜ್ಜೆ ಉದುರುತ್ತಿದೆ, ಒಂದು ಕೂಗಳತೆ ಎಲ್ಲಿ, ಮೂರು ಗುಡ್ಡ ಎಲ್ಲಿ! ಆದರೂ ಬಗ್ಗಿ ಇಬ್ಬರ ಕಾಲೂ ನೋಡಿದ. ಕುದುರೆಯ ಗೊರಸಿಗೆ ದೂಳಿನ ಸೋಂಕೂ ಇರಲಿಲ್ಲ. ಉಡದ ಹೊಟ್ಟೆಗೆ ಹೊಳೆಯ ಕೆಸರು ಇನ್ನೂ ಹಸಿಯಾಗಿ ಮೆತ್ತಿತ್ತು.

"ಏನಯ್ಯ, ಲೆಕ್ಕ ಬರಲ್ವಾ ನಿಂಗೆ? ಹತ್ತಿರದ್ದು ಬಿಟ್ಟು ದೂರದ್ದು ಹಿಡೀತಿ" ಅಂತ ಕುದುರೆ ನಕ್ಕಿತು.

"ದಾರಿ ಅಳೆಯೋದು ಆಮೇಲೆ. ಮೊದಲು ಹೇಳೋರ ಬಾಯಿ ಅಳೀಬೇಕು" ಅಂದ ಬೊಮ್ಮ ಉಡದ ದಾರಿ ಹಿಡಿದ. ಮೊದಲ ಗುಡ್ಡದ ನೆತ್ತಿಯಿಂದ ನೋಡಿದರೆ, ಕುದುರೆ ತೋರಿದ ದಾರಿ ಪಾತಾಳದಂಥ ಕಮರಿಗೆ ಇಳಿದು ಮುಗಿದಿತ್ತು.

ಹೊಳೆದಂಡೆಗೆ ಬಂದ. ಅಲ್ಲಿ ಮೂಡಣಗಲ್ಲು, ಪಡುವಣಗಲ್ಲು. ನಡುವೆ ಸಿಂಗಣ್ಣ ಓಡುತ್ತಿದ್ದ. ಮೂಡಣಗಲ್ಲು "ದುರ್ಗಕ್ಕೆ ಪಡುವಣದತ್ತ ಹೋಗು" ಅನ್ನುತ್ತಿತ್ತು. ಪಡುವಣಗಲ್ಲು "ಮೂಡಣದತ್ತ ಹೋಗು" ಅನ್ನುತ್ತಿತ್ತು. ಅವನ ಕಾಲಲ್ಲಿ ಮೂರೇ ಗೆಜ್ಜೆ ಉಳಿದಿದ್ದವು.

"ಅಣ್ಣಾ, ನಿಲ್ಲೋ!" ಬೊಮ್ಮ ತಬ್ಬಿ ಹಿಡಿದ. ಸಿಂಗಣ್ಣ ಅವನನ್ನೂ ಎಳೆದುಕೊಂಡೇ ಓಡಿದ.

"ಬಿಡೋ ತಮ್ಮಾ. ಓಲೆಕಾರ ಕಲ್ಲಿನ ಮಾತು ಮೀರಬಾರದು."

ಒಂದು ಗೆಜ್ಜೆ ಉದುರಿತು. ಬೊಮ್ಮ ಅಣ್ಣನನ್ನು ಬಿಟ್ಟು ಪಡುವಣಗಲ್ಲಿನ ಮುಂದೆ ನಿಂತ.

"ಆ ಕಡೆ ದಾರಿ ಇದೆ ಅಂತೀಯಲ್ಲ, ನೀನು ಕಂಡಿದ್ದಾ, ಕೇಳಿದ್ದಾ?"

"ಕೇಳಿದ್ದು. ಮೂಡಣದವನೇ ಹೇಳಿದ. ಅವನ ಬೆನ್ನಿಗೇ ಸೇತುವೆ."

ಮೂಡಣಗಲ್ಲಿನ ಹತ್ತಿರ ಓಡಿದ. "ನಿಂಗೆ ಯಾರು ಹೇಳಿದ್ದು?"

"ಪಡುವಣದವ. ನನ್ನ ಸೇತುವೆ ಬಿದ್ದ ಸದ್ದಾಯ್ತು. ಆದರೆ ಅವನು ತನ್ನ ಕಡೆ ದಾರಿ ಇದೆ ಅಂದ, ನಂಬಿದೆ."

"ಅಯ್ಯೋ ಕಲ್ಲಪ್ಪ! ನೀನು ಕೊಟ್ಟ ಹಳೇ ಸುದ್ದೀನೇ ಅವನು ನಿಂಗೆ ತಿರುಗಿ ಕೊಟ್ಟಿದ್ದಾನೆ!"

ಇನ್ನೊಂದು ಗೆಜ್ಜೆ ಉದುರಿತು. ಆಗ ಮೋಡದೆತ್ತರದ ಗುಲ್ಲಮಾರ ಬಗ್ಗಿ ನೋಡಿ ಗಹಗಹಿಸಿದ. "ದಾರಿ ಇಲ್ಲ ಅಂತ ಹೇಳಿದ ಕವಲುಗಲ್ಲನ್ನ ಯಾರಾದರೂ ಪೂಜಿಸ್ತಾರೇನೋ ಪೋರ? ಅವು ಹೇಳಲ್ಲ!"

ಬೊಮ್ಮ ಮೂಡಣಗಲ್ಲಿನ ಕಾಲಿಗೆ ಬಿದ್ದ. "ಒಂದು ಸಲ ಹಿಂದೆ ತಿರುಗಿ ನೋಡು. ಕಂಡಿದ್ದಷ್ಟು ಹೇಳು. ನನಗಿರೋದು ಒಬ್ಬನೇ ಅಣ್ಣ."

ಹುಟ್ಟಿದಾಗಿನಿಂದ ಅಲುಗದ ಕಲ್ಲು ನರಳುತ್ತಾ ತಿರುಗಿತು. ಹೊಳೆಯ ಮೀನುಗಳು ದಡಕ್ಕೆ ಹಾರಿದವು. ಸೇತುವೆಯಿದ್ದಲ್ಲಿ ಬರೀ ನೀರು.

"ದಾರಿ ಇಲ್ಲ!" ಅಂತ ಮೂಡಣಗಲ್ಲು ಕೂಗಿತು. ಪಡುವಣಗಲ್ಲು ಕೂಗಿತು. ಕವಲಿಂದ ಕವಲಿಗೆ ಆ ಕೂಗು ನಾಡೆಲ್ಲ ಸುತ್ತಿತು. ಒಂದೊಂದು ಕೂಗಿಗೂ ಗುಲ್ಲಮಾರ ಕುಗ್ಗಿ ಕುಗ್ಗಿ ನುಸಿಯಾದ. ಮೀನೊಂದು ಅವನನ್ನು ನುಂಗಿ ನೀರಿಗಿಳಿಯಿತು.

ಸಿಂಗಣ್ಣ ನಿಂತ. ಕಾಲಲ್ಲಿ ಒಂದೇ ಗೆಜ್ಜೆ ನಡುಗುತ್ತಿತ್ತು.

ಮೇಲ್ಹೊಳೆಯ ಕಲ್ಲೊಂದು ಕೂಗಿತು: "ನನ್ನ ಮುಂದೆ ಹೊಳೆ ಸೊಂಟದಷ್ಟೇ ಆಳ. ಕಣ್ಣಾರೆ ಕಂಡಿದ್ದೀನಿ. ದಾಟಿದರೆ ದುರ್ಗ." ಎಲ್ಲ ಕಲ್ಲುಗಳ ಮಾತೂ ಒಂದಾಯಿತು.

"ಆ ಕಲ್ಲು ದಾಟಿದರೆ ನಾನು ಗಾಳಿ, ತಮ್ಮಾ. ಓಲೆ ನೀನೇ ತಗೊಂಡು ಹೋಗು" ಅಂದ ಸಿಂಗಣ್ಣ.

"ಓಲೆ ನಿನ್ನ ಹತ್ತಿರಾನೇ ಇರಲಿ. ನಿನ್ನನ್ನ ನಾನು ಹೊರ್ತೀನಿ. ಕವಲು ದಾಟೋದು ನನ್ನ ಕಾಲು, ನಿನ್ನ ಗೆಜ್ಜೆಗೇನು ಗೊತ್ತಾಗುತ್ತೆ?"

ಓಲೆ ಹಿಡಿದ ಅಣ್ಣನನ್ನು ಹೆಗಲಿಗೇರಿಸಿ ಬೊಮ್ಮ ಹೊಳೆಗಿಳಿದ. ಕಲ್ಲು ದಾಟಿದ. ಗೆಜ್ಜೆ ಘಲ್ಲೆಂದಿತು, ಉದುರಲಿಲ್ಲ. ದುರ್ಗದ ಬಾಗಿಲಲ್ಲಿ ಕಾವಲಿನವರು ನಗುತ್ತಿದ್ದರು.

"ಇಳಿಸೋ, ನಾಚಿಕೆ ಆಗ್ತದೆ" ಅಂದ ಸಿಂಗಣ್ಣ.

"ಮೊದಲು ಹೊಸ ಗೆಜ್ಜೆ ಕಟ್ಟಲಿ. ಆಮೇಲೆ ನಾಚಿಕೊಳ್ಳುವಂತೆ."

ಹೊಸ ಗೆಜ್ಜೆ ಕಟ್ಟಿದ ಮೇಲೆಯೇ ಅವನ ಕಾಲು ನೆಲ ಮುಟ್ಟಿದ್ದು. ಅಂದಿನಿಂದ ಕವಲುನಾಡಿನಲ್ಲಿ ಯಾವ ಕಲ್ಲೂ ಸುದ್ದಿ ಕೊಟ್ಟವರಿಗೇ ಅದೇ ಸುದ್ದಿಯನ್ನು ತಿರುಗಿ ಕೊಡಲಿಲ್ಲ. ಹೊರಟವರೆಲ್ಲ ಊರು ಮುಟ್ಟಿದರು, ಮುಟ್ಟಿದವರೆಲ್ಲ ಉಂಡು ತಣ್ಣಗೆ ಮಲಗಿದರು.