ನಾತದ ಎಣ್ಣೆ

ಸಂಜೆ ಹಿಮ ಸುರಿಯುವ ಮೊದಲು ಕೆರೆಯಂಚಿನ ಶೆಡ್ ತಲುಪಿ ನಾಯಿ ನಗೆಟ್‌ನನ್ನು ಹುಡುಕಿ ತರಬೇಕು. ಟಾಸ್ಮೇನಿಯಾದ ಆ ಎತ್ತರದ ಬಯಲಿನ ದಾರಿಗೆ ಚಳಿಗಾಲದ ಬೀಗ ಬಿದ್ದಿತ್ತು, ಕಾರು ಹೋಗುವಂತಿರಲಿಲ್ಲ. ಲೊರೇನ್ ಮತ್ತು ಅವಳ ಗೆಳತಿ ಡೆಲ್ ಸೈಕಲ್‌ಗಳನ್ನೂ ಹಿಂದೆ ಕಟ್ಟುವ ಪುಟ್ಟ ಗಾಡಿಯನ್ನೂ ಗೇಟಿನ ಮೇಲಿಂದ ಆಚೆ ಇಳಿಸಿದರು.

ಮೀನು ಹಿಡಿಯಲು ನಾಯಿಯನ್ನೂ ಕರೆದೊಯ್ದಿದ್ದ ಲೊರೇನ್‌ಳ ಗಂಡ ಕ್ಲೈವ್ ನಿನ್ನೆ ಒಬ್ಬನೇ ಮರಳಿದ್ದ. "ಕರೆದೆ, ಬರ್ಲಿಲ್ಲ. ಗೇಟ್ ಮುಚ್ಚೋ ಹೊತ್ತಾಗಿತ್ತು. ಮುದಿ ನಾಯಿ, ಬಿಡೇ," ಎಂದು ಬಿಯರ್ ಹಿಡಿದು ಟಿವಿ ಮುಂದೆ ಕೂತಿದ್ದ. ಅವನ ಮೀಸೆಗೆ ನೊರೆ ಅಂಟಿತ್ತು.

ದಾರಿಯ ಎರಡೂ ಕಡೆ ಹಿಂದೆಂದೋ ಬೆಂಕಿಗೆ ಸತ್ತ ನೀಲಗಿರಿ ಮರಗಳು ಬೆಳ್ಳಗೆ ಒಣಗಿ ನಿಂತಿದ್ದವು. ಅವುಗಳ ನಡುವೆ ಹೆಪ್ಪುಗಟ್ಟಿದ ಹೊಂಡಗಳು, ಗಾಳಿಗೆ ನೆಲಕ್ಕೊರಗಿದ ಪೊದೆಗಳು. ಆಕಾಶ ಸೀಸದ ಹಾಗೆ ಇಳಿದು ಬಂದಿತ್ತು.

ಕೊನೆಯ ಏರಿನಲ್ಲಿ ಲೊರೇನ್‌ಳ ಮೀನಖಂಡ ಕಲ್ಲಾಯಿತು. ಕಿರುಚಿದಳು. ಸೈಕಲ್ ಸಮೇತ ಕೆಸರಿಗೆ ಬಿದ್ದಳು.

ಡೆಲ್ ಓಡಿ ಬಂದು ಅವಳ ಪಾದ ಹಿಡಿದು ಬೆರಳುಗಳನ್ನು ಮೊಣಕಾಲಿನತ್ತ ಒತ್ತಿದಳು. "ಬೆಳಿಗ್ಗೆಯಿಂದ ನೀರು ಕುಡಿದ್ಯೇನೇ?"

"ಇಲ್ಲ. ಈ ಚಳೀಲಿ ಮೂರು ಪ್ಯಾಂಟ್ ಇಳಿಸಿ ಉಚ್ಚೆಗೆ ಕೂರೋಳ್ಯಾರು?"

"ಇಲ್ಲಿ ನಿನ್ನ ನೋಡೋಕೆ ಕಾಂಗರೂನೂ ಇಲ್ಲ, ಮಾರಾಯ್ತಿ! ಕುಡಿ."

ಬ್ರೆಡ್ಡಿಗೆ ಸವರುವ ಉಪ್ಪುಪ್ಪಾದ ವೆಜಿಮೈಟ್ ಕಲಸಿದ ಬಿಸಿನೀರು. ಬಾಯೊಳಗೆ ಗೋಂದು ಕುದಿಸಿದ ಹಾಗಿತ್ತು. ಡೆಲ್ ಆಮೇಲೆ ತೆಗೆದ ಬಾಟಲಿ ಅದಕ್ಕಿಂತ ಹೇಸಿಗೆ. ಅವಳು ಹುಟ್ಟಿದ ಪುಟ್ಟ ದ್ವೀಪದವರು ಕಡಲಹಕ್ಕಿಯ ಮರಿಗಳಿಂದ ತೆಗೆಯುವ ಎಣ್ಣೆ ಅದು. ಕೊಳೆತ ಮೀನು, ಹಳೇ ಕೊಬ್ಬು, ಎರಡೂ ಒಟ್ಟಿಗೆ ನಾರಿದವು.

"ಥೂ! ಸತ್ತರೂ ಹಚ್ಕೊಳ್ಳಲ್ಲ."

"ನಮ್ಮಜ್ಜಿ ಇದನ್ನ ಕುಡೀತಿದ್ಲು ಕಣೇ. ಕಾಲು ಚಾಚು."

ಐವತ್ತಾದ ಮೇಲೆ ತನ್ನ ಮಾತು ಕೇಳದ ಆ ಕಾಲನ್ನು ಬೇರೆ ಯಾರದೋ ಎಂಬಂತೆ ಲೊರೇನ್ ಮುಖ ಸಿಂಡರಿಸಿ ನೋಡಿದಳು. ಡೆಲ್ ತಿಕ್ಕಿ ತಿಕ್ಕಿ ಕಾವೇರಿಸಿದಳು. ಗಂಟು ಮೆಲ್ಲಗೆ ಸಡಿಲಿತು. ಹಗುರ ಗೇರಿನಲ್ಲಿ, ಕಾಲು ನಿಲ್ಲಿಸದೆ ತುಳಿಯುತ್ತ ಇಬ್ಬರೂ ಏರು ಹತ್ತಿದರು.

ಶೆಡ್ಡಿನ ಸುತ್ತ ನಾಯಿ ಇರಲಿಲ್ಲ. ಹಿಮ ಉದುರತೊಡಗಿತ್ತು.

"ನಗೆಟ್! ನಗೆಟ್!" ಡೆಲ್ ಕೂಗಿದಳು.

"ಕೂಗಿ ಏನುಪಯೋಗ? ಅವನಿಗೆ ಕಿವಿ ಕೇಳ್ದೆ ವರ್ಷ ಆಯ್ತು."

"ಮತ್ತೆ ಕ್ಲೈವ್ ಕರೆದೆ ಅಂದ್ನಲ್ಲೇ?"

ಲೊರೇನ್ ಬಗ್ಗಿ ಶೆಡ್ಡಿನ ಸುತ್ತ ನೋಡತೊಡಗಿದಳು. ಒಂದೇ ಮನೆಯಲ್ಲಿ ಒಂದು ವರ್ಷ. ನಾಯಿಗೆ ಕಿವಿ ಕೇಳದ್ದೂ ಗಂಡನಿಗೆ ಗೊತ್ತಾಗಿರಲಿಲ್ಲ.

ಶೆಡ್ಡಿನ ಅಡಿಯ ಕತ್ತಲ ಸಂದಿ ಅವಳ ಕಣ್ಣಿಗೆ ಬಿತ್ತು. ಕಿವಿ ಹೋದರೂ ನಗೆಟ್‌ಗೆ ಮೂಗಿತ್ತು. ಬೂಟು ಕಳಚಿ, ಪ್ಯಾಂಟ್ ಮೊಣಕಾಲಿನವರೆಗೆ ಏರಿಸಿ, ಎಣ್ಣೆ ಮೆತ್ತಿದ ಕಾಲನ್ನು ಒಳಗೆ ಚಾಚಿ ಮಲಗಿದಳು. ಚಳಿ ಕಚ್ಚಿತು. ಮೀನಖಂಡ ಮತ್ತೆ ಸೆಳೆಯಿತು. ಹಲ್ಲು ಕಚ್ಚಿ ಹಿಡಿದಳು.

ಒಳಗೆ ಏನೋ ತೆವಳಿತು. ತಣ್ಣನೆಯ ಮೂಗೊಂದು ಪಾದಕ್ಕೆ ತಾಗಿತು. ಆಮೇಲೆ ನಾಲಿಗೆ.

ನಗೆಟ್‌ನನ್ನು ಕಂಬಳಿಯಲ್ಲಿ ಸುತ್ತಿ ಗಾಡಿಯಲ್ಲಿ ಹೇರಿಕೊಂಡು ಇಳಿಯುವಾಗ ದಾರಿ ಪೂರ್ತಿ ಬಿಳಿಯಾಗಿತ್ತು. ಲೊರೇನ್ ಎರಡು ಸಲ ಪ್ಯಾಂಟ್ ಇಳಿಸಿ ಹಿಮದಲ್ಲಿ ಕೂತಳು, ಬೈದುಕೊಂಡೇ.

ಮನೆಯ ಬಾಗಿಲು ತೆರೆದ ಕ್ಲೈವ್ ಮೂಗು ಮುಚ್ಚಿದ. "ಥೂ, ಏನೇ ಇದು ನಾತ!"

ಲೊರೇನ್ ಅವನನ್ನು ದಾಟಿ ಹೋಗಿ, ಹೀಟರಿನ ಮುಂದಿದ್ದ ಅವನ ಕುರ್ಚಿಯಲ್ಲಿ ಕೂತಳು. ಎಣ್ಣೆಗಾಲನ್ನು ಉದ್ದಕ್ಕೆ ಚಾಚಿದಳು. ನಗೆಟ್ ಪಕ್ಕದಲ್ಲಿ ಮಲಗಿ ನೆಕ್ಕತೊಡಗಿದ.

"ನಾತ ತಡೆಯೋಕಾಗ್ದಿದ್ರೆ," ಎಂದಳು, "ನೀನು ಹೊರಗೆ ಕೂತ್ಕೊ."