ಭೀಮರಾಯನ ಲಾರಿಯ ಹೀಟರ್

ಲಾರಿಯೊಳಗೆ ಡ್ರೈವರ್ ಮಲಗುವ ಬಂಕಿನ ಹಲಗೆ ಎತ್ತಿದ ಮೆಕ್ಯಾನಿಕ್ ಸಿಪ್ರಿಯನ್ ಹಾಗೆಯೇ ನಿಂತುಬಿಟ್ಟರು. ಅಡಿಯಲ್ಲಿ ಹೀಟರ್ ಇರಲಿಲ್ಲ.

ಮೊನ್ನೆ ತಾನೇ ಅವರು ಕೂರಿಸಿದ್ದ ಹೊಸ ಹೀಟರ್. ಲಾರಿಯ ಟ್ಯಾಂಕಿನಿಂದಲೇ ಹನಿಹನಿ ಡೀಸೆಲ್ ಕುಡಿದು, ಇಂಜಿನ್ ಆಫ್ ಇದ್ದರೂ ಡ್ರೈವರ್ ಮಲಗುವ ಕ್ಯಾಬಿನ್ನನ್ನು ಬೆಚ್ಚಗಿಡುವ ಪುಟ್ಟ ಯಂತ್ರ. ಮಸ್ಕತ್ತಿನಲ್ಲಿ ಅದು ಯಾರಿಗೂ ಬೇಡ. ಆದರೆ ಈ ಲಾರಿ ಅಂದು ಸಂಜೆ ಮರಳುಗಾಡು ದಾಟಿ ಸೌದಿಯ ತಬೂಕಿಗೆ ಹೊರಡಬೇಕಿತ್ತು. ಜನವರಿ ತಿಂಗಳು. ಅಲ್ಲಿ ಬಾಟಲಿಯ ನೀರೂ ಗಟ್ಟಿಯಾಗುವ ಚಳಿ.

ಮಸ್ಕತ್ತಿನ ಗಾಲಾದ ಆ ಲಾರಿ ಯಾರ್ಡಿನಲ್ಲಿ ಐದೇ ನಿಮಿಷಕ್ಕೆ ಜನ ಸೇರಿದರು. ಮ್ಯಾನೇಜರ್ ಸಚ್ಚಿದಾನಂದ ಧಾರವಾಡದವರು. ಮೊಬೈಲ್ ಕೈಯಲ್ಲಿ ಹಿಡಿದೇ ಬಂದರು.

“ಕೀಲಿ ಯಾರ ಹತ್ರ ಇತ್ತು?”

“ಒಂದು ನನ್ನ ಹತ್ರ ಐತ್ರೀ,” ಎಂದ ಡ್ರೈವರ್ ಭೀಮರಾಯ. “ಇನ್ನೊಂದು ವರ್ಕ್‌ಶಾಪಿನ್ಯಾಗ.”

ವರ್ಕ್‌ಶಾಪಿನ ಕೀಲಿ ಇರುವುದು ಫಿಟ್ಟರ್ ಅನೂಪನ ಬಳಿ. ಎಲ್ಲರ ಕಣ್ಣೂ ಅವನ ಮೇಲೆ ಹೋಯಿತು.

“ಈ ಹೀಟರ್ ಈ ಗಾಡಿಯಲ್ಲಿ ಹೋಗಬಾರದು ಅಂತ ನಿನ್ನೆ ಕೂಗಾಡಿದಾಂವ ನೀನ ಹೌದಲ್ಲೋ?” ಎಂದರು ಮ್ಯಾನೇಜರ್.

“ಹೌದು ಸಾರ್. ಯಾಕೆ ಅಂತ ಸಿಪ್ರಿಯನ್ ಅವರನ್ನೇ ಕೇಳಿ.”

“ಎಂತ ಕೇಳುವುದು?” ಸಿಪ್ರಿಯನ್ ಕೆಂಪಾದರು. “ಗ್ಯಾಸ್ಕೆಟ್ ಸರಿ ಕೂತಿದೆಯಾ ಅಂತ ನನಗೇ ಪರೀಕ್ಷೆ ಇಡ್ತಾನೆ! ನಾನು ಸ್ಪ್ಯಾನರ್ ಹಿಡಿದಾಗ ಇವನು ಹುಟ್ಟಿರಲಿಲ್ಲ.”

“ಖಲಾಸ್, ಮಾತು ಸಾಕು,” ಎಂದರು ಮ್ಯಾನೇಜರ್. “ಹನ್ನೆರಡರೊಳಗ ಹೀಟರ್ ಬರಲಿಲ್ಲಂದ್ರ ಪೊಲೀಸ್ ಕಂಪ್ಲೇಂಟ್. ಆಮ್ಯಾಲೆ ಅನೂಪ, ನಿನ್ನ ಊರಿನ ಟಿಕೆಟ್ ನಾನ ತೆಗಸ್ತೀನಿ.”

ಅನೂಪನ ಹೆಂಡತಿ ಕಾಸರಗೋಡಿನಿಂದ ಫ್ಯಾಮಿಲಿ ವೀಸಾದಲ್ಲಿ ಬಂದು ಹತ್ತು ದಿನವೂ ಆಗಿರಲಿಲ್ಲ.

ಎದುರಿನ ತನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಬಾಗಿಲಲ್ಲಿ ನಿಂತು ಶರೀಫಾ ಎಲ್ಲ ಕೇಳಿಸಿಕೊಂಡಳು. ಆ ಹೀಟರ್ ಆರಿಸಿಕೊಟ್ಟವಳು ಅವಳೇ. ಶಟರ್ ಅರ್ಧ ಎಳೆದು ರಸ್ತೆ ದಾಟಿದಳು.

* * *

ಹೀಟರ್ ಆರಿಸಿಕೊಳ್ಳುವಾಗ ಒಂದು ಗಂಟೆ ಜಗಳವಾಗಿತ್ತು.

“ಐದು ಕಿಲೋವಾಟಿಂದು ಕೊಡ್ರಿ ಅಕ್ಕಾರ,” ಎಂದು ಭೀಮರಾಯ ಹಟ ಹಿಡಿದಿದ್ದ.

“ಎಂತಕ್ಕೆ ಮಾರಾಯ? ಮದುವೆ ಹಾಲ್ ಕಾಯಿಸಲಿಕ್ಕುಂಟಾ? ಇಷ್ಟು ಸಣ್ಣ ಕ್ಯಾಬಿನ್ನಿಗೆ ಎರಡು ಧಾರಾಳ. ದೊಡ್ಡದನ್ನು ಸಣ್ಣ ಉರಿಯಲ್ಲೇ ಇಟ್ಟರೆ ಒಳಗೆಲ್ಲ ಮಸಿ ಕಟ್ಟುತ್ತದೆ.”

ಅಷ್ಟು ಜಗಳವಾಡಿದವನು ಇವತ್ತು ‘ಬೇರೆ ಹೀಟರ್ ಕೊಡಿ’ ಎಂದು ಒಮ್ಮೆಯೂ ಕೇಳಲಿಲ್ಲವಲ್ಲ. ಹಾಗೆ ಯೋಚಿಸುತ್ತಲೇ ಶರೀಫಾ ಲಾರಿ ಹತ್ತಿದಳು.

ಹೀಟರ್ ಇದ್ದ ಜಾಗದಲ್ಲಿ ನೆಲದ ತೂತು. ಅದಕ್ಕೆ ಯಾರೋ ದಿಂಬಿನ ಗವಸು ತುರುಕಿದ್ದರು. ಡೀಸೆಲ್ ಪೈಪಿನ ಬಾಯಿಗೆ ಬೋಲ್ಟ್ ಸಿಕ್ಕಿಸಿ ಬಿಗಿದಿದ್ದರು. ಹನಿ ಸೋರಿರಲಿಲ್ಲ. ಗೋಡೆಯ ಮೇಲೆ ಹೀಟರಿನ ಸ್ವಿಚ್ ಬೋರ್ಡು ಹಾಗೆಯೇ ಇತ್ತು. ಅದಿಲ್ಲದೆ ಹೀಟರ್ ಹೊತ್ತುವುದೇ ಇಲ್ಲ, ಯಾರೂ ಕೊಳ್ಳುವುದೂ ಇಲ್ಲ.

ಡ್ರೈವರ್ ಸೀಟಿನ ಮೇಲೆ ಸಿಪ್ರಿಯನ್ ಎತ್ತಿಟ್ಟ ಹಾಸಿಗೆ. ಅದರ ಜೊತೆ ದಪ್ಪನೆಯ ಎರಡು ಕೌದಿ. ಹಾಸಿಗೆಗೆ ಮುಖ ತಂದಳು. ಹೊಗೆಯ ಕಮಟು ಹೊಡೆಯಿತು.

“ಪೊರ್ಬುಗಳೇ,” ಎಂದು, ಊರಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವ ವಾಡಿಕೆಯಂತೆ, ಸಿಪ್ರಿಯನ್‌ರನ್ನು ಕರೆದಳು. “ಇದು ಎಂತ ವಾಸನೆ, ನೋಡಿ.”

ಸಿಪ್ರಿಯನ್ ಹಾಸಿಗೆಯಲ್ಲಿ ಮೂಗು ಹುದುಗಿಸಿದರು. “ಎಂತದೂ ಇಲ್ಲವಲ್ಲ ಶರೀಫಾ.”

* * *

ಹತ್ತು ಗಂಟೆಗೆ ಅಂಗಡಿಯಲ್ಲಿ ಚಹಾ. ಯೋಚನೆಯಲ್ಲಿ ಮುಳುಗಿದ ಶರೀಫಾಳ ಹಾಲು ತಳ ಹಿಡಿಯಿತು. ಅದೇ ಹಾಲಿನ ಚಹಾ ಎಲ್ಲರಿಗೂ ಹೋಯಿತು.

ಮ್ಯಾನೇಜರ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. “ಏನ್ರೀ ಇದು, ಟೈರ್ ಸುಟ್ಟಂಗ ನಾರ್ತದ!” ಭೀಮರಾಯ ಮುಖ ಕಿವುಚಿದ.

ಸಿಪ್ರಿಯನ್ ಮಾತ್ರ ಕೊನೆಯ ಹನಿವರೆಗೂ ಹೀರಿದರು. ಶುಂಠಿ ಕಡಿಮೆಯಾದರೆ ಲೋಟ ವಾಪಸ್ ಕಳಿಸುತ್ತಿದ್ದ ಮನುಷ್ಯ.

“ಚಹಾ ಹೇಗುಂಟು?”

“ಫಸ್ಟ್ ಕ್ಲಾಸ್.”

ಶರೀಫಾ ಆ ಖಾಲಿ ಲೋಟ ಎತ್ತಿ ಮೂಸಿದಳು; ಸುಟ್ಟ ವಾಸನೆ ಇನ್ನೂ ಇತ್ತು. ಎಲ್ಲರೂ ಎದ್ದಾಗ ಭೀಮರಾಯನನ್ನು ಒಬ್ಬನನ್ನೇ ನಿಲ್ಲಿಸಿಕೊಂಡಳು.

* * *

“ಹೀಟರ್ ಎಲ್ಲಿಟ್ಟಿದ್ದಿ?”

“ನಾನಾ? ನಂದ ಹೀಟರ್ ನಾನ ಯಾಕ ಕದೀಲಿ ಅಕ್ಕಾರ?”

“ಕೌದಿ ತಂದದ್ದು ಎಷ್ಟು ಗಂಟೆಗೆ?”

“ಮುಂಜಾನೆ ಆರಕ್ಕ.”

“ಹೀಟರ್ ಇಲ್ಲ ಅಂತ ಗೊತ್ತಾದದ್ದು ಏಳಕ್ಕೆ. ಹೀಟರ್ ಉಂಟು ಅಂತ ತಿಳಿದವನು ಎರಡೆರಡು ಕೌದಿ ಹೊತ್ತು ತರುವುದಾ?”

ಭೀಮರಾಯ ಬಾಗಿಲ ಕಡೆ ಹೆಜ್ಜೆ ಹಾಕಿದ.

“ಮಾರುವ ಕಳ್ಳ ಸ್ವಿಚ್ ಬೋರ್ಡು ಬಿಟ್ಟು ಹೋಗುವುದಿಲ್ಲ. ಹೀಟರ್ ಉರಿಯಬಾರದು, ಅಷ್ಟೇ ಅವನಿಗೆ ಬೇಕಾದದ್ದು. ತೂತಿಗೆ ಗವಸು ತುರುಕಿದವನು ಅಲ್ಲೇ ಮಲಗುವವನು. ದಾರಿಯ ಧೂಳಿಗೆ ಹೆದರಿದ್ದಾನೆ. ಅನೂಪ ಅಲ್ಲಿ ಮಲಗ್ತಾನಾ?”

ಭೀಮರಾಯ ತಿರುಗಿ ಬಂದು ಸ್ಟೂಲಿನ ಮೇಲೆ ಕೂತ. “ನಿನ್ನೆ ಮಧ್ಯಾಹ್ನ ಹಚ್ಚಿ ನೋಡಿದೆ ಅಕ್ಕಾರ. ಅರ್ಧ ತಾಸಿಗೆ ತಲಿ ತಿರುಗಿ ವಾಂತಿ ಆತು. ಹೊಗಿ ವಾಸನಿ. ಸಿಪ್ರಿಯನ್ ಕಾಕಾರನ್ನ ಕರದೆ. ಒಳಗ ಬಂದು ಮೂಸಿ, ಏನೂ ಇಲ್ಲ ಅಂದ್ರು. ನನ್ನ ಕಣ್ಣಾಗ ನೀರು ಬರಾಕತ್ತಿತ್ತು. ಆಗ ತಿಳೀತು, ಅವರಿಗೆ ಮೂಗಿಲ್ಲ.”

“ಅಲ್ಲೇ ಹೇಳಬೇಕಿತ್ತು.”

“ಹೆಂಗ ಹೇಳ್ಲಿ? ಮುಂದಿನ ತಿಂಗಳು ಅವರ ವೀಸಾ ರಿನ್ಯೂವಲ್. ಸಾಹೇಬ್ರು ಮೊದಲ ‘ವಯಸ್ಸಾತು’ ಅಂತ ರಾಗ ಎಳೀತಾರ. ನಾ ಹೊಸದಾಗಿ ಬಂದು ಜ್ವರ ಹಿಡದು ಮಲಗಿದಾಗ ಹದಿನೈದು ದಿನ ಗಂಜಿ ಕಾಸಿ ಕೊಟ್ಟಾರ್ರೀ. ಹೀಟರ್ ಗಾಡ್ಯಾಗ ಇದ್ರ ಹೊರಡೂದಕ್ಕ ಮೊದಲ ಎಲ್ಲಾರ ಎದುರಿಗೆ ಹಚ್ಚಿ ನೋಡ್ತಾರ, ಸಾಹೇಬ್ರಿಗೂ ವಾಸನಿ ಬರ್ತದ, ಅದಕ್ಕ ತೆಗದೆ. ಚಳಿ ತಡಕೊಂಡೇನು, ಅವರ ಅನ್ನ ಕಳೀಲಾರೆ. ಅನೂಪನ ಹೆಸರು ಬರ್ತದ ಅಂತ ಗೊತ್ತಿರ್ಲಿಲ್ಲ. ಪೊಲೀಸ್ ಅಂದಕೂಡ್ಲೆ ಬಾಯಿ ಕಟ್ತು.”

“ವಾಸನೆ ಬಂದದ್ದು ನಿನ್ನ ಪುಣ್ಯ. ಆ ಹೊಗೆಯಲ್ಲಿರುವ ವಿಷಕ್ಕೆ ವಾಸನೆಯೇ ಇಲ್ಲ. ಅದಕ್ಕೆ ಅಲಾರಂ ಬರುತ್ತದೆ. ಹೀಟರಿನ ಜೊತೆ ಅದನ್ನೂ ತೆಗೆದುಕೋ ಅಂತ ನಾನೂ ಹೇಳಲಿಲ್ಲ. ವಾಟ್ ಲೆಕ್ಕ ಹೇಳುವುದರಲ್ಲೇ ಮೆರೆದೆ.” ಶರೀಫಾ ತಲೆ ತಗ್ಗಿಸಿದಳು. “ಈಗ ಅನೂಪನನ್ನು ಉಳಿಸಿದರೆ ಪೊರ್ಬುಗಳ ಕೆಲಸ ಹೋಗುತ್ತದೆ.”

“ಹೋಗಲಿ ಬಿಡು,” ಎಂಬ ದನಿ ಬಾಗಿಲಿನಿಂದ ಬಂತು.

ಸಿಪ್ರಿಯನ್ ನಿಂತಿದ್ದರು. ಮರೆತ ಕನ್ನಡಕಕ್ಕೆ ವಾಪಸ್ ಬಂದವರು.

“ಕೊರೊನಾ ಬಂದು ಹೋದ ಮೇಲೆ ಹೀಗೆ. ಮೀನು ಕೊಳೆತರೂ ಗೊತ್ತಾಗುವುದಿಲ್ಲ. ಕ್ಯಾರೋಲಿನ್‌ಗೂ ಹೇಳಿಲ್ಲ.” ಮನೆಯಲ್ಲಿ ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಗೇ ಹೇಳಿರಲಿಲ್ಲ. “ಎಲ್ಲಿ ಭೀಮ, ಹೀಟರ್ ತಾ.”

ಭೀಮರಾಯ ತನ್ನ ರೂಮಿನ ಅಕ್ಕಿ ಚೀಲದ ಹಿಂದಿನಿಂದ ತಂದ. ತಿರುಗಿಸಿ ನೋಡಿದರೆ, ನೆಲದ ತೂತಿನ ಸಂದಿ ಮುಚ್ಚಬೇಕಿದ್ದ ತಳದ ಗ್ಯಾಸ್ಕೆಟ್ ಮಡಚಿಹೋಗಿತ್ತು. ಲಾರಿಯ ಅಡಿಯಲ್ಲಿ ಹೊಗೆ ಪೈಪಿನ ಕ್ಲ್ಯಾಂಪ್ ಬೆರಳಲ್ಲಿ ತಿರುಗುವಷ್ಟು ಸಡಿಲ. ಅಲ್ಲಿ ಸೋರಿದ ಹೊಗೆ ಈ ಸಂದಿಯಿಂದ ನೇರ ಬಂಕಿಗೆ ಏರುತ್ತಿತ್ತು.

* * *

ಹನ್ನೊಂದೂವರೆಗೆ ಸಿಪ್ರಿಯನ್ ತಾವೇ ಮ್ಯಾನೇಜರಿಗೆ ಎಲ್ಲ ಹೇಳಿದರು.

“ಬಾಯಿ ಬಿಟ್ಟು ಹೇಳಿದ್ರ ನಾ ಏನ್ ತಿಂತಿದ್ನೇನ್ರೀ?” ಎಂದರು ಸಚ್ಚಿದಾನಂದ.

ಎಲ್ಲರ ಕಣ್ಣೂ ಅವರ ಕೈಯಲ್ಲಿದ್ದ ಮೊಬೈಲಿನ ಮೇಲೆ ಹೋಯಿತು. ಬೆಳಗ್ಗೆ ಆಡಿದ ಟಿಕೆಟಿನ ಮಾತು ಅವರಿಗೇ ನೆನಪಾಯಿತು. ಮೊಬೈಲ್ ಜೇಬಿಗಿಳಿಯಿತು.

“ಇನ್ನ ಮ್ಯಾಲೆ ಕಾಕಾ ಫಿಟ್ ಮಾಡ್ಲಿ, ಅನೂಪ ಚೆಕ್ ಮಾಡ್ಲಿ. ಇಬ್ಬರ ಸೈನ್ ಇಲ್ದ ಯಾವ ಗಾಡಿನೂ ಗೇಟ್ ದಾಟಂಗಿಲ್ಲ. ಶರೀಫಾ ಅವರ, ಆ ಅಲಾರಂ ಎಲ್ಲಾ ಗಾಡಿಗೂ ಬೇಕು.” ಅನೂಪನ ಕಡೆ ಒಮ್ಮೆ ನೋಡಿದರು. ಕ್ಷಮೆ ಕೇಳದೆಯೇ ಆಫೀಸಿಗೆ ನಡೆದರು.

ಸಿಪ್ರಿಯನ್ ಲಾರಿಯ ಅಡಿಗೆ ಸರಿದು ಕೈ ಚಾಚಿದರು. “ಅನೂಪ, ಸ್ಪ್ಯಾನರ್ ಕೊಡು.”

ಅನೂಪ ಅಲುಗಲಿಲ್ಲ. ಬೆಳಗ್ಗಿನಿಂದ ಒಬ್ಬನೇ ಕಳ್ಳನಾಗಿ ನಿಂತವನು.

“ಹೆಂಡತಿಗೆ ಫೋನ್ ಮಾಡಿದ್ದೀಯಾ?” ಎಂದು ಅಡಿಯಿಂದ ಕೇಳಿತು.

“ಮಾಡಿದೆ. ಅಳುತ್ತಾ ಇದ್ದಾಳೆ. ಪೆಟ್ಟಿಗೆ ಕಟ್ಟಬೇಕಾ ಅಂತ ಕೇಳಿದಳು.”

ಚಾಚಿದ್ದ ಕೈ ಒಳಗೆ ಸರಿಯಿತು.

“ಇದು ಮುಗಿಯಲಿ. ನಾನೇ ನಿನ್ನ ಮನೆಗೆ ಬಂದು ಹೇಳ್ತೇನೆ. ತಪ್ಪು ನನ್ನದು, ನಿನ್ನದಲ್ಲ ಅಂತ, ಅವಳ ಎದುರಿಗೇ.”

ಅನೂಪ ಸ್ಪ್ಯಾನರ್ ಎತ್ತಿಕೊಂಡ. ಕೊಡಲಿಲ್ಲ. ತಾನೇ ಬೆನ್ನ ಮೇಲೆ ಮಲಗಿ ಲಾರಿಯ ಅಡಿಗೆ ಸರಿದ.

“ಸ್ವಲ್ಪ ಆಚೆ ಹೋಗಿ. ನನಗೂ ಕಾಣಬೇಕಲ್ಲ,” ಎಂದ.

ಸಿಪ್ರಿಯನ್ ಜಾಗ ಬಿಟ್ಟರು.