ಎಡಕ್ಕೆ ಬಿದ್ದ ಹೂವು

"ತಲೆ ಬಗ್ಗಿಸ್ರಿ!"

ಯಾರೋ ಹಿಂದಿನಿಂದ ಕೂಗಿದರು. ನಯನಾ ತಿರುಗುವಷ್ಟರಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲವೊಂದು ಅವಳ ತಲೆಯ ಮೇಲೆ ಬಿತ್ತು. ಪಾದಯಾತ್ರೆಯ ತಂಡ ದಾರಿಯಲ್ಲಿ ತಿಂದು ಮುಗಿಸಿದ ಮಂಡಕ್ಕಿಯ ಚೀಲ. ಅದರ ಮೇಲೆ ಆಲಿಕಲ್ಲು ಪಟಪಟ ಬಡಿಯತೊಡಗಿತು.

ಅಂಚು ಎತ್ತಿ ನೋಡಿದಳು.

ಬಕ್ಕೇಶ್!

ಈ ಮನುಷ್ಯನ ಮುಖ ನೋಡಬಾರದೆಂದೇ ಪಾದಯಾತ್ರೆ ಹೊರಟ ಆನೆಕೊಂಡದಿಂದ ಇಲ್ಲಿಯವರೆಗೆ ನೂರು ಹೆಜ್ಜೆ ಮುಂದೆ ನಡೆದಿದ್ದಳು.

ಐದು ತಿಂಗಳ ಹಿಂದೆ ಅವನು ಮಂಡಿಪೇಟೆಯ ಅವರ ಮನೆಗೆ ಹೆಣ್ಣು ನೋಡಲು ಬಂದಿದ್ದ. ಅರ್ಧ ಗಂಟೆ ಮಾತಾಡಿದ್ದರು, ನಕ್ಕಿದ್ದರು. ಹೊರಡುವಾಗ "ಫೋನ್ ಮಾಡ್ತೀನಿ" ಅಂದಿದ್ದ.

ಮಾಡಲಿಲ್ಲ.

ಮಗಳಿಗೆ ಬೇಗ ಸಂಬಂಧ ಕೂಡಿಬರಲೆಂದು ಅವ್ವ ಕಸ್ತೂರಮ್ಮ ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೆ ನಡೆದು ಬರುವ ಹರಕೆ ಹೊತ್ತಳು. ಆಮೇಲೆ ಮೊಣಕಾಲು ನೋವೆಂದು ಮಗಳನ್ನೇ ಕಳಿಸಿದಳು. ವಾಪಸ್ ಬಂದ ಕೂಡಲೇ, ಈಚೆಗೆ ನೋಡಿ ಹೋಗಿದ್ದ ಚಿತ್ರದುರ್ಗದ ಹುಡುಗನಿಗೆ ನಯನಾ ಉತ್ತರ ಹೇಳಬೇಕಿತ್ತು.

ಮಾರ್ಚ್ ತಿಂಗಳು. ಯಾರ ಹತ್ತಿರವೂ ಕೊಡೆ ಇಲ್ಲ. ಬ್ಯಾಗುಗಳನ್ನು ಹೊತ್ತು ಮುಂದೆ ಹೋಗಿದ್ದ ಟೆಂಪೋ ತಿರುಗಿ ಬಂತು.

"ಹತ್ರಿ, ಹತ್ರಿ! ಮಳೆ ಕಳಿಸಿದ ಅಜ್ಜಯ್ಯನೇ ಕ್ಷಮಿಸ್ತಾನೆ!" ತಂಡದ ಹಿರಿಯ ಮಾಲತೇಶಪ್ಪ ಕೂಗಿದರು.

ಎಲ್ಲರೂ ಹತ್ತತೊಡಗಿದರು. ನಯನಾ ಮಾತ್ರ ಹಿಂದೆ ಸರಿದಳು.

"ನಾ ಬರಲ್ಲ ಕಾಕಾ. ಗಾಡಿ ಹತ್ತಿದ್ರೆ ಹರಕೆ ಮುರೀತು ಅಂತ ನಮ್ಮವ್ವ ಮತ್ತೆ ಮನೆಯಿಂದ ನಡೆಸ್ತಾಳೆ. ನನ್ನ ಕೈಲಿ ಆಗಲ್ಲ."

"ನಾನೂ ನಡೀತೀನಿ," ಅಂದ ಬಕ್ಕೇಶ್.

"ನಿಮ್ಮನ್ನ ಯಾರು ಕರೆದ್ರು?"

ಮಾಲತೇಶಪ್ಪ ಇಬ್ಬರನ್ನೂ ನೋಡಿದರು. "ನಾಲ್ಕೇ ಕಿಲೋಮೀಟರ್ ಐತೆ. ಹರಿಹರದ ಕಲ್ಯಾಣ ಮಂಟಪದಾಗೆ ಕಾಯ್ತೀವಿ. ಜಗಳ ಮುಗಿಸ್ಕೊಂಡು ಬರ್ರಿ."

ಟೆಂಪೋ ಹೋಯಿತು. ಬರಿಗಾಲಿಗೆ ಆಲಿಕಲ್ಲು ಚುಚ್ಚುತ್ತಿತ್ತು. ಲಾರಿಯೊಂದು ಇಬ್ಬರಿಗೂ ಕೆಸರು ಹಾರಿಸಿತು. ಅಳು ಬರುವಷ್ಟು ಸಿಟ್ಟು ಬಂತು ಅವಳಿಗೆ.

"ಯಾಕ ಫೋನ್ ಮಾಡಲಿಲ್ಲ?"

"ಹೂ ಎಡಕ್ಕೆ ಬಿತ್ತು..."

"ಏನು?"

"ನಮ್ಮವ್ವ ಮನೆದೇವರ ಗುಡಿಯಾಗೆ ಪ್ರಸಾದ ಕೇಳಿದ್ಲು. ಮೂರ್ತಿ ಬಲಕ್ಕೆ ಹೂ ಬಿದ್ರೆ ಈ ಸಂಬಂಧ ಆಗ್ಲಿ, ಎಡಕ್ಕೆ ಬಿದ್ರೆ ಬ್ಯಾಡ ಅಂತ."

ನಯನಾ ನಿಂತಳು. ನಾನು ಕಪ್ಪಗಿದ್ದೇನೆಂದೇ? ಜಾಸ್ತಿ ಮಾತಾಡಿದೆನೆಂದೇ? ಐದು ತಿಂಗಳು ಕನ್ನಡಿಯ ಮುಂದೆ ನಿಂತು ತನ್ನಲ್ಲೇ ತಪ್ಪು ಹುಡುಕಿದ್ದಳು. ಕಾರಣ ಒಂದು ಹೂವು!

"ಗುಡಿಯಾಗೆ ಫ್ಯಾನ್ ಇತ್ತಾ?"

"ಹೂಂ, ಇತ್ತು..."

"ಯಾವ ಕಡೆ?"

ಅವನು ಯೋಚಿಸಿದ. "ಬಲಗಡೆ."

"ಫ್ಯಾನಿನ ಗಾಳಿಗೆ ನನ್ನ ಬಿಟ್ರಿ! ದೇವರನ್ನ ಕೇಳಿದ್ರಿ, ಅವ್ವನ್ನ ಕೇಳಿದ್ರಿ. ನನ್ನ ಒಂದು ಮಾತು ಕೇಳಿದ್ರಾ?"

"ಇಲ್ಲ. ಅವ್ವಗೆ ಎದುರಾಡಾಕೆ ಹೆದರಿದೆ."

ನೆಪ ಹೇಳಿದ್ದರೆ ಅವಳು ಓಡಿಯೇ ಹೋಗುತ್ತಿದ್ದಳೇನೋ.

"ಈಗ್ಯಾಕ ಬಂದ್ರಿ?"

"ಚಿತ್ರದುರ್ಗದ ಸುದ್ದಿ ಕೇಳಿದೆ. ನಿದ್ದೆ ಬರಲಿಲ್ಲ. ನೀವು ಈ ತಂಡದಾಗೆ ಇರ್ತೀರಿ ಅಂತ ಮಾಲತೇಶಪ್ಪನೋರು ಹೇಳಿದ್ರು."

"ಹತ್ತು ಕಿಲೋಮೀಟರ್ ನಡೆದ್ರೂ ಬಾಯಿ ಬಿಡಲಿಲ್ಲ!"

"ನೀವು ನಿಂತಿದ್ರಲ್ಲವಾ ಬಿಡೋದು?"

ಆಗ ಅವನ ಹಣೆ ಕಂಡಿತು. ಆಲಿಕಲ್ಲು ಬಿದ್ದು ಊದಿತ್ತು. ಇದ್ದ ಒಂದೇ ಚೀಲವನ್ನು ತನಗೆ ಕೊಟ್ಟು ತಾನು ಏಟು ತಿಂದಿದ್ದ. ಪೆದ್ದ!

"ನಿಮ್ಮವ್ವಗೆ ಫೋನ್ ಹಚ್ರಿ. ನನ್ನೆದುರಿಗೇ."

ಫೋನ್ ನೆನೆಯದಿರಲೆಂದು ಅವನೂ ಚೀಲದೊಳಗೆ ತಲೆ ತೂರಿಸಬೇಕಾಯಿತು. ಸ್ಪೀಕರ್ ಹಾಕಿದ.

"ಅವ್ವಾ, ಹೂ ಎಲ್ಲಿಗೆ ಬೇಕಾದ್ರೂ ಬೀಳ್ಲಿ. ನಾ ಮದುವೆ ಆದ್ರೆ ನಯನಾನ್ನೇ."

ನಯನಾ ಫೋನಿನತ್ತ ಬಗ್ಗಿದಳು.

"ಐದು ತಿಂಗಳಿಂದ ಸರಿಯಾಗಿ ಊಟ ಮಾಡೋದು ಬಿಟ್ಟಿ, ಬಾಯಿ ಮಾತ್ರ ಬಿಡಲಿಲ್ಲ," ಅಂದಿತು ಮುದಿ ಧ್ವನಿ. "ಆಯ್ತು. ಆ ಹುಡುಗಿ ಒಪ್ಪಿದ್ಲೇನು?"

"ಅದು... ಇನ್ನೂ ಕೇಳಿಲ್ಲ."

"ಕೇಳಿಲ್ಲ? ಮೊದ್ಲು ಅವಳ್ನ ಕೇಳೋ ಮಂಕ!"

ಫೋನ್ ಕಟ್ಟಾಯಿತು. ನಯನಾಳಿಗೆ ನಗು ತಡೆಯಲಾಗಲಿಲ್ಲ. ಜೊತೆಗೆ ಕಣ್ಣೂ ತುಂಬಿತು.

"ನಯನಾ... ನನ್ನ ಮದುವೆ ಆಗ್ತೀರಾ?"

"ಸಿಟ್ಟು ಹೋಗಿಲ್ಲ."

"ಗೊತ್ತು."

"ಹರಿಹರ ಮುಟ್ಟೋ ತನಕ ಬೈತೀನಿ."

"ಉಕ್ಕಡಗಾತ್ರಿ ತನಕ ಬೈರಿ. ಆಮೇಲೆ?"

"ಆಮೇಲೆ ಚಿತ್ರದುರ್ಗದವರಿಗೆ ಇಲ್ಲ ಅಂತೀನಿ."

ಅವಳು ಚೀಲದ ಬದಿಯನ್ನು ಪರ್‍ರನೆ ಹರಿದು ಇಬ್ಬರಿಗೂ ಆಗುವಂತೆ ಅಗಲ ಮಾಡಿದಳು.

"ಬರ್ರಿ ಒಳಗೆ. ಲಾರಿ ಬರ್ತಾವೆ, ಎಡಕ್ಕೆ ಬರ್ರಿ."

"ಎಡಕ್ಕಾ?"

"ಹೂಂ ರೀ. ಇಲ್ಲಿ ಫ್ಯಾನಿಲ್ಲ."